ವಂಶಾವಳಿಯಲ್ಲಿ ಕುಲದ ಉಲ್ಲೇಖ

ತಮ್ಮ ಮನೆತನದ ಚರಿತ್ರೆಯನ್ನು ಬರೆದಿಡಬೇಕೆಂಬ ಅಭಿಲಾಷೆ ಈಚೆಗೆ ಸುಶಿಕ್ಷಿತ ಕುಟುಂಬಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ವಿಷಯ. ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆಯಿಂದ ಬಂದು ಮೈಸೂರಿನ ಕುವೆಂಪುನಗರದಂತಹ ಬಡಾವಣೆಗಳಲ್ಲಿ ನೆಲೆಸಿದ ಮನೆತನಗಳಿಗೆ ಇದು ಅವಶ್ಯವೂ ಹೌದು; ಊರಿನ ನಂಟು ಕಳಚಿದ ಮೂರನೆಯ ತಲೆಮಾರಿಗೆ ಮುತ್ತಜ್ಜನ ಹೆಸರೂ ನೆನಪಿರುವುದಿಲ್ಲ. ಹೆಸರು, ಊರು, ಜನನ ಮರಣಗಳ ಬರವಣಿಗೆ ಸುಗಮವಾಗಿಯೇ ಸಾಗುತ್ತದೆ. ‘ಜಾತಿ’ ಅಥವಾ ‘ಜನಾಂಗ’ ಎಂಬಲ್ಲಿಗೆ ಬಂದಾಗ ಲೇಖನಿ ತಡೆಯುತ್ತದೆ.

ಒಬ್ಬನೇ ಹಿರಿಯನು ಒಂದು ಕ್ರಯಪತ್ರದಲ್ಲಿ ‘ಲಿಂಗವಂತ’, ಮತ್ತೊಂದರಲ್ಲಿ ‘ಗಾಣಿಗ’, ಮಗನ ಶಾಲಾ ದಾಖಲಾತಿ ಪುಸ್ತಕದಲ್ಲಿ ‘ವೀರಶೈವ’ ಎಂದಿರಬಹುದು. ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯೇ ಸಲ್ಲದು. ಒಂದು ಧರ್ಮವನ್ನು ಹೇಳಿದರೆ ಇನ್ನೊಂದು ಕಸಬನ್ನು ಹೇಳುತ್ತದೆ. ಕೇಳಿದವನು ಕೇಳಿದ್ದಕ್ಕೆ ತಕ್ಕಂತೆ ಉತ್ತರ ಬಂದಿದೆ. ಆದರೂ ‘ಗಾಣಿಗ’ ಎಂಬುದನ್ನು ಮರೆಮಾಡಲು ಮೊಮ್ಮಕ್ಕಳು ಬಯಸುವುದುಂಟು. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ ಎಂಬ ಹೆಸರುಗಳಲ್ಲಿ ಕಾಯಕವು ಮೊದಲೇ ನಿಂತಿದೆಯಲ್ಲ! ಆ ಶರಣರನ್ನು ಪೂಜಿಸುವವರು ಮುತ್ತಜ್ಜನ ಗಾಣಕ್ಕೆ ನಾಚುವುದು ವಿಚಿತ್ರವೇ ಸರಿ.

ಸರಕಾರದ ಗಣತಿಯ ಕಥೆ ಇನ್ನೂ ಜಟಿಲವಾದುದು. ಮೈಸೂರು ಸಂಸ್ಥಾನದ 1881ರ ಗಣತಿಯಲ್ಲಿ ಲಿಂಗಾಯತರನ್ನು ಶೂದ್ರವರ್ಗದಲ್ಲಿ ಸೇರಿಸಲಾಗಿತ್ತು. ಸಮಾಜದ ಪ್ರಮುಖರು ಅದನ್ನು ಪ್ರತಿಭಟಿಸಿದರು. 1891ರ ಗಣತಿಯ ಕಾಲಕ್ಕೆ ‘ವೀರಶೈವ ಬ್ರಾಹ್ಮಣ’ ಎಂಬ ಹೆಸರೂ ಮುಂದಕ್ಕೆ ಬಂದಿತು. ಹತ್ತು ವರ್ಷಗಳಲ್ಲಿ ಜನರು ಬದಲಾಗಿರಲಿಲ್ಲ, ಬರೆಯುವ ಶೀರ್ಷಿಕೆ ವಿವಾದಕ್ಕೆ ಒಳಗಾಗಿತ್ತು. ಆದ್ದರಿಂದ ಆ ವರದಿಗಳಿಂದ ತಿಳಿಯುವುದು ಆ ಕಾಲದ ವರ್ಗೀಕರಣವೇ ಹೊರತು ಯಾರೊಬ್ಬರ ಅಜ್ಜನ ಕುಲವಲ್ಲ. ಮನೆಮನೆಯ ನಮೂನೆಗಳನ್ನು ಎಣಿಕೆಯ ತರುವಾಯ ಉಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲವಾಗಿ, ಅವುಗಳಲ್ಲಿ ಹಿರಿಯರ ಹೆಸರನ್ನು ಹುಡುಕುವುದೂ ವ್ಯರ್ಥ. ಅಮೆರಿಕದಲ್ಲಿ ಹಳೆಯ ನಮೂನೆಗಳು ಉಳಿದಿವೆ. ಆದರೆ ಅಲ್ಲಿಯೂ 1960ಕ್ಕೆ ಮುಂಚೆ ವ್ಯಕ್ತಿಯ ವರ್ಣವನ್ನು ಸಾಮಾನ್ಯವಾಗಿ ಗಣತಿದಾರನೇ ನೋಡಿ ಬರೆಯುತ್ತಿದ್ದನು. ಒಂದೇ ಮನುಷ್ಯನು ಒಂದು ದಶಕದಲ್ಲಿ ಕರಿಯನಾಗಿಯೂ ಮತ್ತೊಂದರಲ್ಲಿ ಮಿಶ್ರವರ್ಣದವನಾಗಿಯೂ ಕಾಣಿಸಿಕೊಳ್ಳುವುದು ಇದರಿಂದಲೇ.

ಕನ್ನಡನಾಡಿಗೆ ತನ್ನದೇ ಆದ ಸಾಧನವೊಂದಿದೆ. ಎತ್ತನ್ನೇರಿ ಗಂಟೆ ಬಾರಿಸುತ್ತ ಬರುತ್ತಿದ್ದ ಹೆಳವರು ತಮಗೆ ನಡೆದುಕೊಳ್ಳುವ ಮನೆತನಗಳ ತಲೆಮಾರುಗಳನ್ನು ಬಾಯಿಪಾಠವಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸ ಪಡೆದು ಹೋಗುತ್ತಿದ್ದರು. ಮೂಲ ಊರು, ವಲಸೆ, ಬೆಡಗುಗಳ ವಿಚಾರದಲ್ಲಿ ಅವರ ಮಾತಿಗೆ ಬೆಲೆಯುಂಟು. ಆದರೆ ದಾನ ಕೊಡುವ ಮನೆಯನ್ನು ಹೊಗಳುವುದು ಅವರ ವೃತ್ತಿಧರ್ಮ. ಅವರು ಹೇಳುವ ಮೂಲಪುರುಷನ ಮಹಿಮೆಯನ್ನು ಹಾಗೆಂದು ತಿಳಿದೇ ಬರೆದುಕೊಳ್ಳಬೇಕು.

ವಂಶಾವಳಿ ಬರೆಯುವವರು ಪತ್ರದಲ್ಲಿದ್ದ ಶಬ್ದವನ್ನು ಅಕ್ಷರವೂ ಬದಲಿಸದೆ ಎತ್ತಿಕೊಂಡು, ಪತ್ರ ಯಾವುದು, ಇಸವಿ ಯಾವುದು, ಬರೆದವರು ಯಾರು ಎಂಬುದನ್ನು ಪಕ್ಕದಲ್ಲಿ ಕಾಣಿಸತಕ್ಕದ್ದು. ಮನೆಯವರ ಇಂದಿನ ಅಭಿಪ್ರಾಯಕ್ಕೆ ಬೇರೆ ಸಾಲು ಇರಲಿ. ವಿಶ್ವಮಾನವ ಸಂದೇಶ ಸಾರಿದ ಕವಿಯ ಹೆಸರಿನ ಬಡಾವಣೆಯಲ್ಲಿ ವಾಸಿಸುತ್ತ ಈ ಅಂಕಣವನ್ನು ಬರಿದಾಗಿಯೇ ಬಿಡುವವರೂ ಇರಬಹುದು. ತಮ್ಮ ಮಟ್ಟಿಗೆ ಅದು ಅವರ ಹಕ್ಕು, ಅಜ್ಜನ ಪತ್ರದಲ್ಲಿರುವುದನ್ನು ಅಳಿಸುವ ಹಕ್ಕಲ್ಲ. 2025ರ ರಾಜ್ಯ ಸಮೀಕ್ಷೆಯ ಕಾಲದಲ್ಲಿ ಧರ್ಮದ ಅಂಕಣದಲ್ಲಿ ಏನು ಬರೆಸಬೇಕೆಂದು ಸಮಾಜದೊಳಗೇ ಚರ್ಚೆ ನಡೆಯಿತಷ್ಟೆ. ಆಗ ಮನೆಯವರು ಏನನ್ನು ಬರೆಸಿದರು, ಯಾವ ಕಾರಣದಿಂದ ಎಂಬುದನ್ನು ಇಸವಿಸಮೇತ ಈಗಲೇ ವಂಶಾವಳಿಯಲ್ಲಿ ನಮೂದಿಸುವುದು ಒಳ್ಳೆಯದು.