ಬೋರಿನ ನೀರಿಗೆ ನಾಲಿಗೆ ಸಾಕ್ಷಿಯಲ್ಲ

ಮಗ, ಮೊನ್ನೆ ಹಾಲ್ಕುರಿಕೆಗೆ ಬಂದಾಗ ನಿನ್ನ ಅಟ್ಟ ನೋಡಿ ಖುಷಿಯಾಯಿತು. ಕಾಯಿ ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಡಲೊಡ ಅನ್ನುತ್ತಿದೆ. ಇನ್ನು ಸುಲಿಸಿ ತಿಪಟೂರಿಗೆ ಹಾಕಬಹುದು. ಆದರೆ ಏಣಿಯ ಪಕ್ಕ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಇಲಿಪಾಷಾಣ ಇಟ್ಟಿದ್ದೀಯಲ್ಲ, ಅದನ್ನು ಇವತ್ತೇ ತೆಗೆ. ಅಂಗಡಿಯವನು ಕೊಟ್ಟ ಪೊಟ್ಟಣದಲ್ಲೇ ಇಟ್ಟು ಬೀಗ ಹಾಕು. ಹುಡುಗರು ನೋಡುವುದು ಬಾಟಲಿಯನ್ನು, ಒಳಗಿನ ಪುಡಿಯನ್ನಲ್ಲ.

ಹಿಂದಿನವರ ಪಾಷಾಣ ಎಂದರೆ ಬಿಳಿ ಆರ್ಸೆನಿಕ್. ಈಗಿನದು ಹೆಚ್ಚಾಗಿ ಜಿಂಕ್ ಫಾಸ್ಫೈಡ್. ಕಪ್ಪಗಿರುತ್ತದೆ, ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ. ಬಿಳಿ ಆರ್ಸೆನಿಕ್ಕಿಗೆ ಅಷ್ಟೂ ಗುರುತಿಲ್ಲ. ವಾಸನೆಯಿಲ್ಲ, ರುಚಿಯಿಲ್ಲ, ನೋಡಲು ಮೈದಾಹಿಟ್ಟು. 1858ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಮಿಠಾಯಿಯ ಸಕ್ಕರೆಗೆ ಕಲಬೆರಕೆ ಮಾಡಲು ಅಗ್ಗದ ಬಿಳಿ ಪುಡಿ ತರಿಸಿದರು. ಔಷಧಿ ಅಂಗಡಿಯ ಸಹಾಯಕ ಗೊತ್ತಾಗದೆ ಆರ್ಸೆನಿಕ್ ತೂಗಿಕೊಟ್ಟ. ಆ ಮಿಠಾಯಿ ತಿಂದು ಸುಮಾರು 20 ಜನ ಸತ್ತರು. ಯೂರೋಪಿನಲ್ಲಿ ಆಸ್ತಿಗಾಗಿ ಊಟದಲ್ಲಿ ಇದನ್ನೇ ಬೆರೆಸುತ್ತಿದ್ದರಂತೆ. 1836ರಲ್ಲಿ ಜೇಮ್ಸ್ ಮಾರ್ಷ್ ಹೆಣದಲ್ಲೂ ಇದನ್ನು ಪತ್ತೆಮಾಡುವ ಪರೀಕ್ಷೆ ಪ್ರಕಟಿಸಿದ ಮೇಲೆ ಅಂಥವರಿಗೆ ಭಯ ಹುಟ್ಟಿತು.

ಆರ್ಸೆನಿಕ್ ಔಷಧಿಯೂ ಹೌದು, ಇಲ್ಲ ಅನ್ನುವುದಿಲ್ಲ. ನಾಟಿ ಮದ್ದಿನ ಹರಿತಾಳ, ಮಣಿಶಿಲೆ ಎರಡೂ ಆರ್ಸೆನಿಕ್ಕಿನ ಅದಿರುಗಳೇ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಆಸ್ಪತ್ರೆಯಲ್ಲಿ ಬಿಳಿ ಆರ್ಸೆನಿಕ್ಕನ್ನೇ ಅಳೆದು ನರಕ್ಕೆ ಕೊಡುತ್ತಾರೆ. ಹಾಗಂತ ಜಾತ್ರೆಯಲ್ಲಿ ಚೀಟಿಯಿಲ್ಲದೆ ಮಾರುವ ಭಸ್ಮಕ್ಕೆ ದುಡ್ಡು ಬಿಚ್ಚಬೇಡ.

ಇನ್ನು ಹೊಸ ಬೋರು. ನೀರು ಸಿಹಿಯಾಗಿದೆ ದೊಡ್ಡಪ್ಪ ಅಂದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದವರೂ ವರ್ಷಗಟ್ಟಲೆ ಕೊಳವೆಬಾವಿಯ ನೀರು ಕುಡಿದವರೇ. ಅಂಗೈ ಅಂಗಾಲು ಗಂಟುಕಟ್ಟಿ ಒರಟಾದವು, ಮೈಮೇಲೆ ಕಪ್ಪು ಚುಕ್ಕೆ ಎದ್ದವು. ಪರೀಕ್ಷೆ ಮಾಡಿದಾಗ ನೀರಲ್ಲಿ ಆರ್ಸೆನಿಕ್. ಅದು ಚಿನ್ನದ ಅದಿರಿನ ಸೀಮೆ. ಚಿನ್ನವಿರುವ ಬಂಡೆಯಲ್ಲಿ ಆರ್ಸೆನಿಕ್ಕೂ ಸೇರಿಕೊಂಡಿರುವುದುಂಟು. ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಬೆಳ್ಳಾರದಲ್ಲೂ ಚಿನ್ನದ ಗಣಿ ಇತ್ತು, ಗೊತ್ತಲ್ಲ? ನಿನ್ನ ಬೋರಲ್ಲಿ ವಿಷ ಇದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಗೆ ಹಳೇ ಕಾಟ ಫ್ಲೋರೈಡಿನದು, ಅದೂ ನಾಲಿಗೆಗೆ ಸಿಗುವುದಿಲ್ಲ. ಕುದಿಸಿದರೆ ಎರಡೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಪ್ರಮಾಣ ಏರುತ್ತದೆ. ಲೀಟರಿಗೆ 0.01 ಮಿಲಿಗ್ರಾಂ ಆರ್ಸೆನಿಕ್ ದಾಟಬಾರದು ಎಂಬುದು ಕುಡಿಯುವ ನೀರಿನ ಮಾನದಂಡ. ಅಷ್ಟನ್ನು ಯಾರ ಕಣ್ಣು, ಯಾರ ನಾಲಿಗೆ ಹಿಡಿದೀತು?

ಒಂದು ಬಾಟಲಿ ನೀರು ಹಿಡಿದು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡು. ಫ್ಲೋರೈಡ್ ಜೊತೆ ಆರ್ಸೆನಿಕ್ಕನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳು. ವರದಿ ಕೈಗೆ ಬರುವ ತನಕ ಆ ಬೋರು ತೆಂಗಿಗಷ್ಟೇ ಇರಲಿ, ಅಡುಗೆಗೂ ಕುಡಿಯುವುದಕ್ಕೂ ಮೊದಲು ಬಳಸುತ್ತಿದ್ದ ನೀರನ್ನೇ ತರಿಸು.