ಅಬ್ಬನ ರಿಪೋರ್ಟಿನಲ್ಲಿದ್ದ ಜಿಜಿಟಿ

ಕಳೆದ ರಜೆಯಲ್ಲಿ ಅಬ್ಬ ರಕ್ತಪರೀಕ್ಷೆ ಮಾಡಿಸಿಕೊಂಡು ಬಂದವರು ರಿಪೋರ್ಟನ್ನು ಯಾರಿಗೂ ತೋರಿಸದೆ ಕಪಾಟಿನಲ್ಲಿಟ್ಟರು. ಲಿವರ್ ಪರೀಕ್ಷೆಯ ಪಟ್ಟಿಯಲ್ಲಿ ಜಿಜಿಟಿ ಎಂಬುದರ ಅಂಕಿ ಮಿತಿಗಿಂತ ಹೆಚ್ಚಿತ್ತು. ಅದನ್ನು ನೋಡಿದ ಪರಿಚಯದವರೊಬ್ಬರು, "ಇದು ಕುಡಿಯುವವರಿಗೆ ಏರೋದಲ್ವಾ?" ಎಂದು ನಕ್ಕಿದ್ದರಂತೆ. ಜೀವಮಾನದಲ್ಲಿ ಮದ್ಯ ಮುಟ್ಟದ ಅಬ್ಬನಿಗೆ ಆ ಮಾತು ನಾಟಿತು. ಎರಡು ತಿಂಗಳು ಡಾಕ್ಟರ ಬಳಿ ಹೋಗಲೇ ಇಲ್ಲ. ಪಿಯುಸಿಯಲ್ಲಿ ಬಯಾಲಜಿ ಓದುತ್ತಿರುವ ನನಗೂ ಆಗ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

'ಲಿವರ್ ಪರೀಕ್ಷೆ' ಎಂಬ ಹೆಸರೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಅದರಲ್ಲಿ ಬರುವ ಕಿಣ್ವಗಳು ಯಕೃತ್ತಿನಲ್ಲಿ ಮಾತ್ರ ಇರುವುದಿಲ್ಲ. ಎಸ್‌ಜಿಒಟಿಯನ್ನೇ ನೋಡಿ. ಈಗ ಅದನ್ನು ಎಎಸ್‌ಟಿ ಎನ್ನುತ್ತಾರೆ. ಅದು ಹೃದಯದ ಸ್ನಾಯುವಿನಲ್ಲೂ ಧಾರಾಳವಾಗಿದೆ. ಜೀವಕೋಶ ಸತ್ತರೆ ಒಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ. ಹೃದಯಾಘಾತವಾದವರ ರಕ್ತದಲ್ಲಿ ಇದು ಏರುವುದನ್ನು 1954ರಲ್ಲಿ ಲಾಡ್ಯೂ, ವ್ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ಅಮೆರಿಕದಲ್ಲಿ ಪ್ರಕಟಿಸಿದರು. ನಾವು ಲಿವರಿನದೆಂದು ಓದುವ ಕಿಣ್ವ ಹಲವು ವರ್ಷ ಹೃದಯದ ಪರೀಕ್ಷೆಯಾಗಿತ್ತು! ಆದರೆ ಅದು ಏರಲು ಗಂಟೆಗಳೇ ಬೇಕು, ಯಾವ ಅಂಗದಿಂದ ಬಂತೆಂದೂ ಅದು ಹೇಳದು. ಆದ್ದರಿಂದ ಇಂದು ಆ ಜಾಗದಲ್ಲಿ ಟ್ರೋಪೋನಿನ್ ಇದೆ. ಎದೆನೋವು ಬಂದಾಗ ಲಿವರ್ ರಿಪೋರ್ಟ್ ಹುಡುಕುತ್ತಾ ಕೂರಬಾರದು, ಕೂಡಲೇ ಇಸಿಜಿ ಮಾಡಿಸಬೇಕು.

ರಕ್ತನಾಳದಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟುವುದು ಬೇರೆ ವಿಷಯ. ಆಗ ಕೋಶ ಸಾಯದಿದ್ದರೆ ಎಎಸ್‌ಟಿ ಏರುವುದಿಲ್ಲ. ಇಲ್ಲಿ ಜಿಜಿಟಿಯ ಕಥೆ ಬರುತ್ತದೆ. ಈ ಕಿಣ್ವ ಗ್ಲುಟಾಥಯೋನನ್ನು ಒಡೆಯುತ್ತದೆ. ಆಗ ಹುಟ್ಟುವ ಪದಾರ್ಥ ಕಬ್ಬಿಣದ ಜೊತೆ ಸೇರಿ ಎಲ್‌ಡಿಎಲ್ ಕೊಲೆಸ್ಟರಾಲನ್ನು ಆಕ್ಸಿಡೀಕರಿಸಬಲ್ಲದು. ರಕ್ತನಾಳದ ಕೊಬ್ಬಿನ ಗಂಟುಗಳಲ್ಲೇ ಜಿಜಿಟಿ ಕಂಡುಬಂದಿದೆ. ಜಿಜಿಟಿ ಹೆಚ್ಚಿರುವವರಲ್ಲಿ ಹೃದ್ರೋಗ ಹೆಚ್ಚೆಂದು ದೊಡ್ಡ ಅಧ್ಯಯನಗಳೂ ತೋರಿಸಿವೆ.

ಹಾಗಾದರೆ ಜಿಜಿಟಿಯೇ ಕಾರಣವೇ? ಇಲ್ಲಿ ನಾನೂ ಮೊದಲು ಎಡವಿದೆ. ಫ್ಯಾಟಿ ಲಿವರ್, ಸಕ್ಕರೆ ಕಾಯಿಲೆ, ಬೊಜ್ಜು ಇದ್ದರೂ ಜಿಜಿಟಿ ಏರುತ್ತದೆ. ಇವೇ ಹೃದಯಕ್ಕೂ ಕೇಡು. ಎರಡೂ ಒಂದೇ ಬೇರಿನಿಂದ ಬಂದಿರಬಹುದು. ಕೆಲವು ಮಾತ್ರೆಗಳಿಂದಲೂ ಅದು ಏರುತ್ತದೆ. ಅಂಕಿ ಹೆಚ್ಚಿದ್ದರೆ ಬ್ಲಾಕ್ ಇದೆ ಎನ್ನಲಾಗದು, ನಾರ್ಮಲ್ ಇದ್ದರೆ ಇಲ್ಲ ಎನ್ನಲೂ ಆಗದು.

ಕೊನೆಗೆ ಅಮ್ಮ ಹಟ ಹಿಡಿದು ಅಬ್ಬನನ್ನು ಕರೆದೊಯ್ದರು. ಡಾಕ್ಟರು ಮದ್ಯದ ಬಗ್ಗೆ ಒಂದೇ ಪ್ರಶ್ನೆ ಕೇಳಿ ಮುಂದೆ ಹೋದರು. ಸಕ್ಕರೆ, ಬಿಪಿ, ಸೊಂಟದ ಸುತ್ತಳತೆಯ ಬಗ್ಗೆಯೇ ಹೆಚ್ಚು ಮಾತಾಡಿದರು. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಕಂಡಿತು, ಸಕ್ಕರೆಯೂ ಹೆಚ್ಚಿತ್ತು. ಇಸಿಜಿ ಸರಿಯಿತ್ತು, ಆದರೂ ಟ್ರೆಡ್‌ಮಿಲ್ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಅಬ್ಬ ಈಗ ಇಶಾ ನಮಾಜ್ ಮುಗಿಸಿ ಬೈಕ್ ಬಿಟ್ಟು ನಡೆದೇ ಮನೆಗೆ ಬರುತ್ತಾರೆ. ಟ್ರೆಡ್‌ಮಿಲ್ ಪರೀಕ್ಷೆ ಮುಂದಿನ ವಾರ.