ಎಂಜಲು ಹೇಳುವ ಒಸಡಿನ ಸುದ್ದಿ



ಎಂಜಲು ಅಂದ್ರೆ ನಾವೆಲ್ಲ ಮುಖ ಸಿಂಡರಿಸುತ್ತೇವೆ. ಎಂಜಲು ಹಚ್ಚಿ ಸ್ಲೇಟು ಒರೆಸಿದರೆ ಮೇಷ್ಟ್ರು ಬೈಯ್ತಾರೆ. ಆದರೆ ವಿಜ್ಞಾನಿಗಳು ಇದೇ ಎಂಜಲನ್ನು ಪರೀಕ್ಷಿಸಿ ಒಸಡಿನ ರೋಗವನ್ನು ಗುರುತಿಸುತ್ತಾರೆ. ಅದು ಹೇಗೆ ಎಂಬುದನ್ನು ತಿಳಿಯೋಣ.

ಎಂಜಲಿನಲ್ಲಿ ಏನಿದೆ?
ಪಾಠದಲ್ಲಿ ಇದರ ಹೆಸರು ಲಾಲಾರಸ. ಇದನ್ನು ತಯಾರಿಸಲು ನಮಗೆ 3 ಜೊತೆ ದೊಡ್ಡ ಗ್ರಂಥಿಗಳಿವೆ. ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ತನಕ ರಸ ಬರುತ್ತದೆ. ಅದರಲ್ಲಿ ಶೇಕಡಾ 99ರಷ್ಟು ನೀರು. ಉಳಿದ ಚೂರಿನಲ್ಲಿ ಲವಣ, ಕಿಣ್ವ, ಬ್ಯಾಕ್ಟೀರಿಯಾ, ಒಸಡಿನ ಸಂದಿಯಿಂದ ಒಸರಿ ಬಂದದ್ದು ಎಲ್ಲಾ ಸೇರಿರುತ್ತೆ. ರೋಗದ ಗುರುತು ಸಿಗೋದು ಈ ಚೂರಿನಲ್ಲೇ. ಇಂಥ ಗುರುತಿಗೆ ಜೈವಿಕ ಸೂಚಕ ಎನ್ನುತ್ತಾರೆ.

ಹಲ್ಲು ಯಾಕೆ ಸಡಿಲವಾಗುತ್ತದೆ?
ಸರಿಯಾಗಿ ಉಜ್ಜದಿದ್ದರೆ ಹಲ್ಲಿನ ಬುಡದಲ್ಲಿ ಬ್ಯಾಕ್ಟೀರಿಯಾಗಳ ಅಂಟು ಪದರ ಕಟ್ಟುತ್ತದೆ. ಅವುಗಳ ಜೊತೆ ಹೋರಾಡಲು ಬಿಳಿ ರಕ್ತಕಣಗಳು ಬಂದು ಎಂ.ಎಂ.ಪಿ.-8 ಎಂಬ ಕಿಣ್ವವನ್ನು ಬಿಡುತ್ತವೆ. ಹಲ್ಲನ್ನು ಒಸಡಿಗೂ ಮೂಳೆಗೂ ಬಿಗಿದಿರುವುದು ಕೊಲಾಜೆನ್ ಎಂಬ ನಾರು. ಈ ಕಿಣ್ವ ಹೆಚ್ಚಾದರೆ ಆ ನಾರನ್ನೇ ಕತ್ತರಿಸುತ್ತದೆ. ಹಂದಿ ಓಡಿಸಲು ಹೋದವರೇ ಪೈರು ತುಳಿದ ಹಾಗೆ! ಆಮೇಲೆ ಮೂಳೆಯೂ ಸವೆಯುತ್ತದೆ.

ಇದರಲ್ಲಿ ಬಹಳ ಸಲ ನೋವೇ ಇರೋದಿಲ್ಲ. ನಮ್ಮ ಅಜ್ಜಿಗೆ ಒಂದು ಹಲ್ಲೂ ಹುಳುಕಾಗಿರಲಿಲ್ಲ. ಆದರೂ ಒಂದೊಂದೇ ಅಲುಗಾಡಿ ಬಿದ್ದವು. ಈಗ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ. "ವಯಸ್ಸಾಯ್ತು, ಬಿತ್ತು" ಅಂತಾರೆ ಎಲ್ಲರೂ. ಆದರೆ ಬರೀ ವಯಸ್ಸಿನಿಂದ ಹಲ್ಲು ಬೀಳೋದಿಲ್ಲ. ಸವೆದ ಮೂಳೆ ತಾನಾಗಿ ವಾಪಸ್ ಬೆಳೆಯುವುದೂ ಇಲ್ಲ. ಅದಕ್ಕೇ ಮೊದಲೇ ಗೊತ್ತಾಗಬೇಕು.

ಪರೀಕ್ಷೆ ಹೇಗೆ?
ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ಟಿಮೊ ಸೋರ್ಸಾ ಮತ್ತು ಅವರ ಸಂಗಡಿಗರು ಈ ಕಿಣ್ವದ ಬಗ್ಗೆ ಬಹಳ ವರ್ಷ ಸಂಶೋಧನೆ ಮಾಡಿದ್ದಾರೆ. ಅದರಿಂದ ಬಂದ ಒಂದು ಪರೀಕ್ಷೆಯ ಕ್ರಮ ಹೀಗಿದೆ:
1. ಸ್ವಲ್ಪ ಶುದ್ಧ ನೀರಿನಿಂದ ಬಾಯಿ ಮುಕ್ಕಳಿಸಿ ಕಪ್ಪಿಗೆ ಉಗುಳಬೇಕು.
2. ಅದನ್ನು ಸೋಸಿ ಕೆಲವು ಹನಿಗಳನ್ನು ಪಟ್ಟಿಯ ಮೇಲೆ ಹಾಕಬೇಕು.
3. ಸುಮಾರು 5 ನಿಮಿಷ ಕಾಯಬೇಕು.
ಒಂದೇ ಗೆರೆ ಬಂದರೆ ಕಿಣ್ವ ಕಡಿಮೆ, ಎರಡು ಗೆರೆ ಬಂದರೆ ಹೆಚ್ಚು. ಕೊರೊನಾ ಕಾಲದ ಪಟ್ಟಿಯ ಹಾಗೇ. ಇಲ್ಲಿ ಹೆಚ್ಚು ಅಂದರೆ 1 ಮಿಲಿಲೀಟರಿಗೆ 20 ನ್ಯಾನೋಗ್ರಾಂ. ಒಂದು ಗ್ರಾಮನ್ನು 100 ಕೋಟಿ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಗ್ರಾಂ!

ಆದರೆ ಯಾವ ಹಲ್ಲಿಗೆ ರೋಗ ಅಂತ ಈ ಪಟ್ಟಿ ಹೇಳೋದಿಲ್ಲ. ಅದಕ್ಕೆ ದಂತವೈದ್ಯರು ಮಿಲಿಮೀಟರ್ ಗುರುತಿನ ಸಣ್ಣ ಕಡ್ಡಿ ಇಟ್ಟು ಸಂದಿಯ ಆಳ ಅಳೆಯಲೇಬೇಕು. 3 ಮಿ.ಮೀ. ತನಕ ಸಾಮಾನ್ಯ. 4 ಅಥವಾ ಹೆಚ್ಚಾದರೆ ಎಚ್ಚರ.

ನಮ್ಮ ಹತ್ತಿರ ಪಟ್ಟಿ ಇಲ್ಲವಲ್ಲ?
ಪಟ್ಟಿ ಇಲ್ಲದಿದ್ದರೂ ಒಂದು ಸೂಚನೆ ಪುಕ್ಕಟೆ ಸಿಗುತ್ತದೆ. ಹಲ್ಲುಜ್ಜಿ ಉಗುಳಿದಾಗ ಎಂಜಲು ಕೆಂಪಾಗಿದೆಯಾ ನೋಡಿ. ರಕ್ತ ಬಂತು ಅಂತ ಉಜ್ಜೋದು ಬಿಡಬಾರದು. 1965ರಲ್ಲಿ ಹೆರಾಲ್ಡ್ ಲೋ ಎಂಬುವರು ಡೆನ್ಮಾರ್ಕಿನಲ್ಲಿ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರ ಒಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು! ಅಂದರೆ ಮೊದಲ ಹಂತದಲ್ಲಿ ಗುಣಪಡಿಸುವ ಔಷಧಿ ನಮ್ಮ ಕೈಯಲ್ಲೇ ಇದೆ. ಆದರೂ ರಕ್ತ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು.

ನೆನಪಿಡಿ: ಬೀಡಿ ಸೇದುವವರಿಗೆ ರೋಗವಿದ್ದರೂ ರಕ್ತ ಕಡಿಮೆ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ರೋಗದ ಅಪಾಯ ಜಾಸ್ತಿ. ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ.

ಉತ್ತರಿಸಿ ನೋಡೋಣ:
1. ಕೊಲಾಜೆನ್ ನಾರಿನ ಕೆಲಸವೇನು?
2. ಎರಡು ಗೆರೆ ಬಂದರೆ ಅರ್ಥವೇನು?
3. ನಾಳೆ ಬೆಳಿಗ್ಗೆ ನಿಮ್ಮ ಎಂಜಲಿನ ಬಣ್ಣ ಯಾವುದು?

— 7ನೇ ತರಗತಿ ವಿದ್ಯಾರ್ಥಿನಿ